ತಡವಾದವರ ಕಾಲಂ

ಶಿಡ್ಲಘಟ್ಟದ ತಬ್ರೇಜ್ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವನ ಅಮ್ಮಿ ನೂರುನ್ನೀಸಾ, ಆಫ್ರಿಕಾದ ಕೆಲಸ ಎನ್ನುತ್ತಿದ್ದರು. ಆಫ್ರಿಕಾದ ಕೆಲಸದಲ್ಲಿರುವ ಮಗ ದಿನಾ ಸಂಜೆ ಆರೂವರೆಗೆ ಖಾಲಿ ಟಿಫಿನ್ ಡಬ್ಬಿ ಹಿಡಿದು ಬೀದಿಯ ತಿರುವಿನಲ್ಲಿ ಹೇಗೆ ಕಾಣಿಸಿಕೊಳ್ಳುತ್ತಾನೆ ಎಂದು ಯಾರೂ ಕೇಳಲಿಲ್ಲ. ತಬ್ರೇಜ್ ತಾನಾಗಿ ಹೇಳಿಕೊಳ್ಳುವಾಗ ಮಾತ್ರ ಹೆಲ್ತ್ ಲೈನಿನಲ್ಲಿದ್ದೀನಿ ಎನ್ನುತ್ತಿದ್ದ. ಅದರ ಪರಿಣಾಮವಾಗಿ ಅಕ್ಕಪಕ್ಕದವರು ಶುಗರ್ ರಿಪೋರ್ಟು ತಂದು ಅವನ ಕೈಗಿಡುತ್ತಿದ್ದರು. ಅವನು ಹುಬ್ಬು ಗಂಟಿಕ್ಕಿ ಓದಿ, ಅನ್ನ ಕಡಿಮೆ ಮಾಡಿ ಎನ್ನುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಮನುಕುಲಕ್ಕೆ ನೇರವಾಗಿ ಸಲ್ಲಿಸಿದ ಆರೋಗ್ಯ ಸೇವೆ ಅಷ್ಟೇ.

ನಿಜವಾದ ಕೆಲಸ ಇದ್ದದ್ದು ಚಿಕ್ಕಬಳ್ಳಾಪುರದಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಆರು ಕಂಪ್ಯೂಟರು, ಆರು ಹೆಡ್‌ಫೋನು, ಕೆಳಗಿನಿಂದ ಏರಿ ಬರುವ ಔಷಧಿಯ ಘಾಟು. ಆಫ್ರಿಕಾದ ಏಳೆಂಟು ದೇಶಗಳಲ್ಲಿ ನರ್ಸುಗಳನ್ನೂ ಹೆರಿಗೆ ಮಾಡಿಸುವವರನ್ನೂ ಡಾಕ್ಟರುಗಳನ್ನೂ ತಯಾರು ಮಾಡುವ ಕಾಲೇಜುಗಳು ಸೇರಿ ಒಂದು ಜಾಲ ಕಟ್ಟಿಕೊಂಡಿದ್ದವು. ಒಂದು ಕಾಲೇಜಿನ ಮೇಷ್ಟ್ರು ಇನ್ನೊಂದಕ್ಕೆ ಹೋಗಿ ಪಾಠ ಹೇಳುವುದು, ತಮ್ಮೂರಿನ ಕಾಯಿಲೆಯನ್ನು ತಾವೇ ಕೂತು ಅಧ್ಯಯನ ಮಾಡುವುದು, ಇಂಥವು. ಹತ್ತು ವರ್ಷ ನಡೆದ ಮೇಲೆ, ಇದರಿಂದ ಆದ ಪ್ರಯೋಜನವೇನು ಎಂಬ ಪ್ರಶ್ನೆ ಎದ್ದಿತು. ವಿದೇಶದ ಒಂದು ಸಂಸ್ಥೆ ಆ ಪ್ರಶ್ನೆಯನ್ನು ಹೊತ್ತು ಊರೂರು ಸುತ್ತಿ ಜನರನ್ನು ಮಾತಾಡಿಸಿತು. ಆ ಮಾತುಗಳು ಕಡಲು ದಾಟಿ ಗೊಬ್ಬರದಂಗಡಿಯ ಮಹಡಿಗೆ ಬಂದವು. ತಬ್ರೇಜ್ ಅವನ್ನು ಕೇಳಿ ಟೈಪ್ ಮಾಡಬೇಕು. ಆಮೇಲೆ ಮಾತಿನಲ್ಲಿ ಬಂದ ಪ್ರತಿ ವಿದ್ಯಾರ್ಥಿಯನ್ನೂ ಐದು ಕಾಲಮ್ಮುಗಳಲ್ಲಿ ಒಂದಕ್ಕೆ ಹಾಕಬೇಕು. ಓದು ಮುಗಿಸಿದವರು, ತಡವಾದವರು, ಬಿಟ್ಟುಹೋದವರು, ವಿದೇಶಕ್ಕೆ ಹೋದವರು, ತೀರಿಕೊಂಡವರು.

ಕೊನೆಯ ಕಾಲಂ ಹೆಚ್ಚುಕಡಿಮೆ ಖಾಲಿ ಇತ್ತು. ಅದನ್ನು ನೋಡಿದಾಗಲೆಲ್ಲ ತಬ್ರೇಜನಿಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಆಫ್ರಿಕಾದ ಬಗ್ಗೆ ಜನ ಸುಮ್ಮನೆ ಹೆದರಿಸುತ್ತಾರೆ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತಿದ್ದ.

ಅವನ ಕಿವಿ ಮಾತ್ರ ನಿಜಕ್ಕೂ ಚುರುಕು. ಅದು ಅಬ್ಬಾನಿಂದ ಬಂದದ್ದು. ಅಬ್ಬಾ ಹುಸೇನ್ ಸಾಬ್ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದರು. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದರೆ ಮೇಲೆ ರಾಟೆಗಳು ಎಳೆ ಸುತ್ತಿಕೊಳ್ಳುತ್ತಿದ್ದವು. ಬೆನ್ನು ತಿರುಗಿಸಿ ನಿಂತು ಟೀ ಕುಡಿಯುತ್ತಿದ್ದರೂ ಅಬ್ಬಾಗೆ ಮೂರನೆಯ ರಾಟೆಯಲ್ಲಿ ಎಳೆ ಕಡಿಯಿತು ಎಂದು ಗೊತ್ತಾಗುತ್ತಿತ್ತು. ಸದ್ದು ಹಗುರವಾಗುತ್ತೆ ಬೇಟಾ, ಅಷ್ಟೇ, ಎನ್ನುತ್ತಿದ್ದರು. ಮಗನಿಗೆ ಕಿವಿ ಬಂತು, ಬಿಸಿನೀರಿಗೆ ಕೈ ಹಾಕುವ ತಾಳ್ಮೆ ಬರಲಿಲ್ಲ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಬ್ಬಾ ಎದೆ ಹಿಡಿದುಕೊಂಡು ಶೆಡ್ಡಿನ ಮೆಟ್ಟಿಲ ಮೇಲೆ ಕೂತರು. ಗ್ಯಾಸ್ ಇರಬೇಕು ಎಂದು ತಬ್ರೇಜನೇ ಸೋಡಾ ತರಲು ಹೋದ. ಸೋಡಾ ಆದ ಮೇಲೆ ಆಟೋ ಹುಡುಕಿದರು. ಆಟೋ ಸಿಕ್ಕಿದ ಮೇಲೆ ರೈಲ್ವೆ ಗೇಟು ಹಾಕಿತ್ತು. ಡಾಕ್ಟರು ಬೈಯಲೂ ಇಲ್ಲ, ಸ್ವಲ್ಪ ಮುಂಚೆ ಕರ್ಕೊಂಡು ಬರ್ಬೇಕಿತ್ತಪ್ಪ ಎಂದರು. ಅಂದಿನಿಂದ ತಬ್ರೇಜ್ ತುಂಬಿದ ಎಲ್ಲ ಅರ್ಜಿಗಳಲ್ಲೂ ತಂದೆಯ ಹೆಸರಿನ ಜಾಗದಲ್ಲಿ ಒಂದು ಪದ ಹೆಚ್ಚಾಯಿತು: ಲೇಟ್ ಹುಸೇನ್ ಸಾಬ್. ಕೈ ಅದನ್ನು ತಾನಾಗಿಯೇ ಬರೆಯುವಷ್ಟು ಸಲ ಬರೆದಿದ್ದ. ಬರೆಯುವಾಗ ಓದುವುದನ್ನು ಬಿಟ್ಟಿದ್ದ.

ಮಿಸೆಸ್ ಬಂದಾ ಅವರ ಟೇಪು ಬಂದದ್ದು ಜನವರಿಯಲ್ಲಿ. ಮಲಾವಿ ಎಂಬ ದೇಶದಲ್ಲಿ ದೊಡ್ಡ ಸರೋವರದ ದಡದ ಒಂದು ಸಣ್ಣ ಶಾಲೆಯಲ್ಲಿ ಅವರು ಹೆರಿಗೆ ನರ್ಸುಗಳಿಗೆ ಪಾಠ ಹೇಳಿ ನಿವೃತ್ತರಾಗಿದ್ದರು. ಅವಸರವಿಲ್ಲದ ದಪ್ಪ ದನಿ, ನಡುವೆ ಒಂದು ಕೋಳಿ. ತಮ್ಮ ಮೊದಲ ಬ್ಯಾಚಿನ ಹನ್ನೊಂದು ಜನರ ಕಥೆ ಹೇಳುತ್ತಿದ್ದರು. ಅವರಲ್ಲಿ ತಿಯಾಮಿಕೆ ಎಂಬ ಹುಡುಗಿ ಒಂದು ಅಧ್ಯಯನ ಮಾಡಿದ್ದಳಂತೆ: ಬಸುರಿಯರು ಆಸ್ಪತ್ರೆಗೆ ಯಾಕೆ ಲೇಟಾಗಿ ಬರುತ್ತಾರೆ? ಮನೆಯಲ್ಲಿ ಯೋಚಿಸುತ್ತ ಎಷ್ಟು ಹೊತ್ತು ಹೋಗುತ್ತದೆ, ದಾರಿಯಲ್ಲಿ ಎಷ್ಟು, ಬಾಗಿಲಿಗೆ ಬಂದ ಮೇಲೆ ಎಷ್ಟು. ದೋಣಿ ಹತ್ತಿ ಹಳ್ಳಿ ಹಳ್ಳಿಗೆ ಹೋಗಿ ಕೇಳಿ ಬರೆದುಕೊಂಡಿದ್ದಳಂತೆ. ಹೀಗೆ ಆ ಟೇಪಿನ ತುಂಬ ಲೇಟ್, ಲೇಟ್ ಎಂಬ ಮಾತೇ. ಆಮೇಲೆ ಮಿಸೆಸ್ ಬಂದಾ ಹೇಳಿದರು, ಇಂಗ್ಲಿಷಿನಲ್ಲಿ, ಒಂದೊಂದೇ ಪದವಾಗಿ:

“ತಿಯಾಮಿಕೆ, ಶಿ ಈಸ್ ಲೇಟ್. ಚಿಸೊಮೊ, ಹಿ ಈಸ್ ಲೇಟ್ ಆಲ್ಸೋ.”

ಇನ್ನೂ ಇಬ್ಬರ ಹೆಸರು ಹೇಳಿ ಅದೇ ಮಾತು. ಆಮೇಲೆ ಹತ್ತೊಂಬತ್ತು ಸೆಕೆಂಡು ಏನೂ ಇಲ್ಲ. ಕೋಳಿಯೂ ಇಲ್ಲ.

ತಬ್ರೇಜ್ ನಿಯಮದ ಪ್ರಕಾರ ‘ಮೌನ, ಹತ್ತೊಂಬತ್ತು’ ಎಂದು ಟೈಪ್ ಮಾಡಿದ. ನಾಲ್ವರನ್ನೂ ತಡವಾದವರ ಕಾಲಮ್ಮಿಗೆ ಹಾಕಿದ. ಹನ್ನೊಂದರಲ್ಲಿ ನಾಲ್ಕು ಎಂದರೆ ಬಹಳ ಆಯಿತು ಎನಿಸಿ, ಯಾರೂ ಕೇಳದಿದ್ದರೂ ಷರಾ ಒಂದನ್ನು ಬರೆದ. ಈ ಶಾಲೆಯ ವಿದ್ಯಾರ್ಥಿಗಳಲ್ಲಿ ಸಮಯಪ್ರಜ್ಞೆ ಕಡಿಮೆ, ಅವರಿಗೆ ಈ ಕುರಿತು ತಿಳಿವಳಿಕೆ ಕೊಡುವುದು ಒಳ್ಳೆಯದು. ವಾರದಲ್ಲಿ ಮೂರು ದಿನ ಎಂಟೂ ಹತ್ತರ ಬಸ್ಸು ತಪ್ಪಿಸಿಕೊಳ್ಳುವ ಮನುಷ್ಯ ಬರೆದ ಷರಾ ಅದು. ಬರೆದು ಎರಡು ಸಲ ಓದಿಕೊಂಡ. ಇಂಗ್ಲಿಷು ಚೆನ್ನಾಗಿ ಬಂದಿದೆ ಅನಿಸಿತು.

ಟೈಪಾದದ್ದನ್ನೆಲ್ಲ ಎರಡನೆಯ ಸಲ ನೋಡುವವಳು ಸೌಜನ್ಯ, ಮೇಲೂರಿನವಳು, ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ಆಫೀಸಿನ ಉಳಿದ ಐವರಿಗೂ ಮೇಲಿನವಳು. ಅವಳು ಷರಾ ನೋಡಿ, ಭೇಷ್ ಕಣೋ, ನಿನ್ ಬಗ್ಗೆ ನೀನೇ ಬರ್ಕೊಂಡಂಗಿದೆ, ಎಂದು ಒಪ್ಪಿಗೆಯ ಗುರುತು ಹಾಕಿದಳು.

ತಡವಾದವರ ಕಾಲಮ್ಮಿಗೆ ಬಿದ್ದವರಿಗೆಲ್ಲ, ಶಾಲೆಗಳು ಕೊಟ್ಟಿದ್ದ ನಂಬರಿಗೆ, ಕಂಪ್ಯೂಟರು ಪ್ರತಿ ಸೋಮವಾರ ತಾನಾಗಿಯೇ ಒಂದು ಮೆಸೇಜು ಕಳಿಸುತ್ತಿತ್ತು. ಪ್ರಿಯ ತಿಯಾಮಿಕೆ, ನೀವು ಇನ್ನೂ ಓದು ಮುಗಿಸಿಲ್ಲ, ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇವೆ. ಅಲ್ಲಿನ ಬೆಳಿಗ್ಗೆ ಹತ್ತು ಗಂಟೆ, ಇಲ್ಲಿ ಒಂದೂವರೆ. ಗೊಬ್ಬರದಂಗಡಿಯ ಮೇಲೆ ಎಲ್ಲರೂ ಡಬ್ಬಿ ಬಿಚ್ಚುವ ಹೊತ್ತು. ಬರುವ ಉತ್ತರಗಳನ್ನು ನೋಡಿಕೊಳ್ಳುವ ಕೆಲಸವೂ ತಬ್ರೇಜನದೇ. ಮೂರನೆಯ ಸೋಮವಾರ ತಿಯಾಮಿಕೆಯ ನಂಬರಿನಿಂದ ಉತ್ತರ ಬಂತು. ಶಿ ಈಸ್ ಲೇಟ್. ಇವನು ಬಾಯಲ್ಲಿ ಚಪಾತಿ ಇಟ್ಟುಕೊಂಡೇ ಬರೆದ: ಪರವಾಗಿಲ್ಲ, ಬೇಗ ಮುಗಿಸಲು ಹೇಳಿ.

ಮುಂದಿನ ವಾರ: ಹೋದ ಮಾರ್ಚಿನಿಂದ ಲೇಟ್. ದಯವಿಟ್ಟು.

ಇವನು: ಅರ್ಥವಾಯಿತು. ಯಾವಾಗ ಸಿಗುತ್ತಾರೆ?

ಬುಧವಾರ ಉದ್ದದ ಒಂದು ಮೆಸೇಜು ಬಂತು. ತಾನು ತಿಯಾಮಿಕೆಯ ತಂಗಿಯ ಮಗಳು, ಫೋನು ಈಗ ತನ್ನ ಹತ್ತಿರ ಇದೆ, ಎಂದು ಬರೆದಿದ್ದಳು. ಕೊನೆಗೆ ಹೀಗಿತ್ತು: ‘ನೀವು ಪ್ರತಿ ವಾರ ಅವಳ ಹೆಸರು ಹಿಡಿದು ಕರೆಯುತ್ತೀರಿ. ನಮ್ಮ ಅಜ್ಜಿಗೆ ನಿದ್ದೆ ಇಲ್ಲ. ಮಗಳು ನಿಮ್ಮ ಕಡೆಗೆ ಬಂದಿದ್ದಾಳಾ ಎಂದು ಕೇಳುತ್ತಾಳೆ.’

ತಬ್ರೇಜ್ ಅದನ್ನು ಎರಡು ಮೂರು ಸಲ ಓದಿದ. ಮನೆ ಬಿಟ್ಟು ಹೋದ ಹುಡುಗಿ ಇರಬೇಕು ಅಂದುಕೊಂಡ. ಆದರೂ ಎಲ್ಲೋ ಎಳೆ ಕಡಿದದ್ದು ಕಿವಿಗೆ ತಾಕಿತು. ಯಾವುದೋ ರಾಟೆಯ ಸದ್ದು ಹಗುರವಾದಂತೆ. ಯಾವುದು ಎಂದು ತಿಳಿಯಲಿಲ್ಲ. ಅಂದಿನಿಂದ ಬಸ್ಸಿನಲ್ಲಿ ಹೆಡ್‌ಫೋನು ಇಲ್ಲದಿದ್ದರೂ ಅವನಿಗೆ ಆ ಹತ್ತೊಂಬತ್ತು ಸೆಕೆಂಡು ಕೇಳಿಸತೊಡಗಿತು. ಕಂಡಕ್ಟರು ಟಿಕೆಟ್ ಎಂದು ಕೂಗಿ ಬಾಯಿ ಮುಚ್ಚಿದ ಮೇಲೆ, ಅಂಗಡಿಯ ಶಟರು ಎಳೆದು ನಿಂತ ಮೇಲೆ. ಮೌನಕ್ಕೂ ಒಬ್ಬೊಬ್ಬರ ದನಿ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದು ಮಿಸೆಸ್ ಬಂದಾ ಅವರದೇ ಮೌನ, ಬೇರೆ ಯಾರದೂ ಅಲ್ಲ.

ತಂಗಿ ಸನಾಳ ಮದುವೆ ಗೊತ್ತಾಗಿತ್ತು. ಕಾರ್ಡು ಉರ್ದುವಿನಲ್ಲೊಂದು, ಕನ್ನಡದಲ್ಲೊಂದು. ಜಂಗಮಕೋಟೆ ಕಡೆಯ ರೈತರು ಅಬ್ಬಾನ ಹಳೆಯ ಸ್ನೇಹಿತರು, ಅವರಿಗೆ ಕನ್ನಡದ್ದು. ಭಾನುವಾರ ಬೆಳಿಗ್ಗೆ ತಬ್ರೇಜ್ ಪ್ರೆಸ್ಸಿನಿಂದ ಪ್ರೂಫ್ ತಂದು ಅಮ್ಮಿಯ ಮುಂದಿಟ್ಟ. ನೂರುನ್ನೀಸಾ ನಾಲ್ಕನೆಯ ಕ್ಲಾಸಿನವರೆಗೆ ಕನ್ನಡ ಓದಿದ್ದವರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಹೋಗಿ ಒಂದು ಕಡೆ ನಿಂತರು.

ಲೇಟ್ ಅಂತ ಯಾಕೆ ಹಾಕಿಸಿದ್ದೀಯ ಎಂದು ಉರ್ದುವಿನಲ್ಲಿ ಕೇಳಿದರು.

ತೀರಿಕೊಂಡವರಿಗೆ ಹಾಗೇ ಹಾಕುವುದು, ಎಲ್ಲ ಕಾರ್ಡಿನಲ್ಲೂ ಇರುತ್ತದೆ, ಎಂದ ತಬ್ರೇಜ್.

ನೂರುನ್ನೀಸಾ ಬೆರಳು ತೆಗೆಯಲಿಲ್ಲ. “ನಿಮ್ಮ ಅಬ್ಬಾ ಒಂದು ದಿನಾನೂ ಲೇಟಾದವರಲ್ಲ ಬೇಟಾ. ಲೇಟಾಗಿದ್ದು ನಾವು.”

ಸನಾ ಒಳಗಿನಿಂದ ಏನೋ ಕೇಳಿದಳು. ತಬ್ರೇಜನಿಗೆ ಕೇಳಿಸಲಿಲ್ಲ. ಅವನು ಕಾರ್ಡಿನ ಆ ಎರಡು ಅಕ್ಷರ ನೋಡುತ್ತ ನಿಂತಿದ್ದ. ಲೇಟ್ ಹುಸೇನ್ ಸಾಬ್. ಅದೇ ಪದವನ್ನು ಹೆಸರಿನ ಮೊದಲಿನಿಂದ ಎತ್ತಿ ಕೊನೆಗೆ ಇಟ್ಟರೆ ಏನಾಗುತ್ತದೆ? ಹುಸೇನ್ ಸಾಬ್ ಈಸ್ ಲೇಟ್. ತಿಯಾಮಿಕೆ, ಶಿ ಈಸ್ ಲೇಟ್. ಆರು ವರ್ಷ ತನ್ನ ಕೈಯಾರೆ ಬರೆದ ಪದ ಅದು. ಆ ಪದಕ್ಕೆ ಎದ್ದು ಹೆಸರಿನ ಆಚೆಗೆ ಹೋಗಿ ಕೂತು, ಅಲ್ಲೂ ಸತ್ತವರು ಎಂದೇ ಹೇಳಲು ಬರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಮಾರ್ಚಿನಿಂದ ಲೇಟ್. ಬೇಗ ಮುಗಿಸಲು ಹೇಳಿ.

ಮರುದಿನ ಎಂಟೂ ಹತ್ತರ ಬಸ್ಸಿಗೆ ಅವನು ಎಂಟಕ್ಕೇ ನಿಂತಿದ್ದ. ಆಫೀಸಿನಲ್ಲಿ ಮೊದಲು ಮಾಡಿದ್ದು ಸೋಮವಾರದ ಮೆಸೇಜು ನಿಲ್ಲಿಸಿದ್ದು. ಆಮೇಲೆ ಮಿಸೆಸ್ ಬಂದಾ ಅವರ ಟೇಪು ಹಾಕಿದ. ಈಗ ಅದು ಬೇರೆಯೇ ಟೇಪು. ಹನ್ನೊಂದರಲ್ಲಿ ಐವರು ವಿದೇಶಕ್ಕೆ ಹೋಗಿದ್ದರು. ಉಳಿದ ಆರು ಜನ ಸರೋವರದ ಆಚೆಯ, ಯಾರೂ ಹೋಗಲು ಒಪ್ಪದ ಚಿಕಿತ್ಸಾಲಯಗಳಲ್ಲಿ ನಿಂತರು. ಆ ಆರರಲ್ಲೇ ಈ ನಾಲ್ಕು. ಚಿಸೊಮೊ ವಾರ್ಡಿನಲ್ಲಿದ್ದಾಗಲೇ ಜ್ವರ ಹಿಡಿದು, ಇನ್ನಿಬ್ಬರು ಬೇರೆ ಬೇರೆ ಕಾಯಿಲೆಯಿಂದ. ತಿಯಾಮಿಕೆ ದೋಣಿಯಲ್ಲಿ, ಹೆರಿಗೆ ನೋವು ಬಂದವಳೊಬ್ಬಳನ್ನು ಕರೆತರಲು ಹೋದಾಗ. ಇದನ್ನೆಲ್ಲ ಮಿಸೆಸ್ ಬಂದಾ ಮುಂದೆ ಹೇಳಿಯೇ ಇದ್ದರು. ನೀರು ಅವಳನ್ನು ತೆಗೆದುಕೊಂಡಿತು ಎಂಬ ಮಾತನ್ನು ಅವನು ಅಕ್ಷರ ತಪ್ಪದೆ ಟೈಪ್ ಮಾಡಿದ್ದ. ಕಾಲಂ ತುಂಬಿ ಆಗಿತ್ತಲ್ಲ, ಕೇಳಿಸಿಕೊಂಡಿರಲಿಲ್ಲ.

ಊಟದ ಹೊತ್ತಿಗೆ ಅವನು ಅರವತ್ತೊಂದು ಟೇಪುಗಳಲ್ಲಿ ಆ ಪದ ಹುಡುಕಿ ಮುಗಿಸಿದ. ತಡವಾದವರ ಕಾಲಮ್ಮಿನಲ್ಲಿ ನಲವತ್ತಮೂರು ಜನ. ಅವರಲ್ಲಿ ಇಪ್ಪತ್ತೊಂಬತ್ತು ಜನ ಇನ್ನು ಯಾವ ಕಾಲಕ್ಕೂ ಮುಗಿಸುವವರಲ್ಲ.

ಸೌಜನ್ಯ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿದಳು.

“ನಮ್ಮ ತಾತನ ಜಮೀನಿನ ಕಾಗದ ಎಲ್ಲದ್ರಲ್ಲೂ ಲೇಟ್ ಮುನಿವೆಂಕಟಪ್ಪ ಅಂತೈತೆ” ಎಂದಳು. “ನಾನೂ ನೋಡ್ಲಿಲ್ಲ ನೋಡು.”

ಕರಡು ವರದಿ ಆಗಲೇ ಹೋಗಿತ್ತು. ಅದರಲ್ಲಿ ಸರೋವರದ ಶಾಲೆಯ ಎದುರು ‘ದುರ್ಬಲ’ ಎಂದಿತ್ತು, ಕಾರಣದ ಜಾಗದಲ್ಲಿ ತಬ್ರೇಜನ ಷರಾ ಹಾಗೇ ಕೂತಿತ್ತು. ಜಾಲದಿಂದ ಕೈಬಿಡಬಹುದಾದ ಮೂರು ಶಾಲೆಗಳ ಪಟ್ಟಿಯಲ್ಲಿ ಅದೂ ಇತ್ತು. ಶುಕ್ರವಾರ ಅಂತಿಮ ತೀರ್ಮಾನ. ಅದೇ ವಾರ ಮಹಡಿಯ ಆರೂ ಜನರ ಒಪ್ಪಂದ ಮುಂದುವರಿಸುವ ಮಾತು. ಸೌಜನ್ಯಳಿಗೆ ಎರಡು ವರ್ಷದ ಮಗು ಇತ್ತು, ಗಂಡ ಸುನೀಲ್‌ಕುಮಾರನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಇದೆಲ್ಲ ಇಬ್ಬರಿಗೂ ಗೊತ್ತಿತ್ತು.

ಅವಳು ಒಂದು ದಾರಿ ಹೇಳಿದಳು. ಕಾಲಂ ಸದ್ದಿಲ್ಲದೆ ಸರಿಮಾಡಿ ಕಳಿಸುವುದು, ತಪ್ಪಾಯಿತೆಂದು ಸಂಸ್ಥೆಗೆ ಕಾಗದ ಬರೆಯುವುದು ಬೇಡ. ತಬ್ರೇಜ್ ಯೋಚಿಸಿದ. ಅವನಿಗೆ ಆ ದಾರಿ ಬಹಳ ಇಷ್ಟವಾಯಿತು ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಆದರೆ ಅಂಕಿ ಬದಲಾದರೂ ಆ ಷರಾ ಉಳಿಯುತ್ತದೆ. ಅದನ್ನು ಬರೆದವನು ಬಂದು ಅಳಿಸಿದರೇ ಉಂಟು.

“ಸೌಜನ್ಯಕ್ಕ, ಮೊದ್ಲು ಗ್ಯಾಸ್ ಅಂತ ಸೋಡಾ ತಂದೆ. ಇನ್ನೊಂದ್ಸಲ ತರಕ್ಕಾಗಲ್ಲ” ಎಂದ.

ಅವಳಿಗೆ ಅದು ಅರ್ಥವಾಗಲಿಲ್ಲ. ಅವನ ಮುಖ ನೋಡಿದಳು. “ಬರಿ. ನನ್ ಹೆಸರೂ ಹಾಕು” ಎಂದಳು.

ಅವನು ಹಾಕಲಿಲ್ಲ. ತ್ಯಾಗ ಎಂದುಕೊಂಡರೆ ಹೆಚ್ಚಾಯಿತು. ಕ್ಷಮೆ ಕೇಳುವ ಇಂಗ್ಲಿಷನ್ನು ಅವನು ಏಕವಚನದಲ್ಲಿ ಮಾತ್ರ ಕಲಿತಿದ್ದ, ರಜಾ ಅರ್ಜಿಗಳಿಂದ. ನಮ್ಮ ಊರಿನಲ್ಲಿ ಲೇಟ್ ಎಂಬ ಪದ ಸತ್ತವರ ಹೆಸರಿಗೆ ಮೊದಲು ಬರುತ್ತದೆ, ಬದುಕಿರುವವರ ಹೆಸರಿಗೆ ನಂತರ. ಆಫ್ರಿಕಾದ ಆ ಊರುಗಳಲ್ಲಿ ಎರಡಕ್ಕೂ ನಂತರವೇ ಬರುತ್ತದೆಂದು ನನಗೆ ಗೊತ್ತಿರಲಿಲ್ಲ, ಎಂದು ಬರೆದ. ಇಪ್ಪತ್ತೊಂಬತ್ತು ಹೆಸರುಗಳನ್ನೂ ಸೇರಿಸಿದ. ಸಮಯಪ್ರಜ್ಞೆಯ ಷರಾ ನನ್ನದು, ಅದು ಸುಳ್ಳು, ಈ ಶಾಲೆಯಿಂದ ಹೊರಬಂದು ಊರಲ್ಲೇ ಉಳಿದ ಆರು ಜನರಲ್ಲಿ ನಾಲ್ವರು ಕೆಲಸದಲ್ಲಿರುವಾಗಲೇ ಹೋದರು, ಪ್ರಯೋಜನವೇನಾಯಿತು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿರಬಹುದು, ಎಂದು ಮುಗಿಸಿದ. ಕಳಿಸುವ ಗುಂಡಿ ಒತ್ತಿ ಕೈ ಒರೆಸಿಕೊಂಡ.

ಇನ್ನೊಂದು ಉಳಿದಿತ್ತು. ಅದು ಇದಕ್ಕಿಂತ ಕಷ್ಟದ್ದು. ತಿಯಾಮಿಕೆಯ ನಂಬರಿಗೆ ಬರೆಯಲು ಅವನಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಗೆ ನಿಂತದ್ದು ಮೂರು ಸಾಲು. ಅವರು ನಮ್ಮ ಕಡೆಗೆ ಬಂದಿಲ್ಲ. ನಾನು ಪದವೊಂದನ್ನು ತಪ್ಪು ತಿಳಿದು ಅವರನ್ನು ಕರೆಯುತ್ತಿದ್ದೆ. ಇನ್ನು ಕರೆಯುವುದಿಲ್ಲ, ಅಜ್ಜಿಗೆ ತಿಳಿಸಿ, ಕ್ಷಮಿಸಲು ಹೇಳಿ.

ಗುರುವಾರ ಉತ್ತರ ಬಂತು. ‘ಅಜ್ಜಿಗೆ ಹೇಳಿದೆ. ಹಾಗಾದರೆ ಸೋಮವಾರ ಮೆಸೇಜು ಬರುವುದಿಲ್ಲವಾ ಎಂದು ಕೇಳುತ್ತಾಳೆ.’

ತಬ್ರೇಜ್ ಎರಡು ಸಾಲು ಬರೆದು ಎರಡನ್ನೂ ಅಳಿಸಿದ.

ಶುಕ್ರವಾರ ಸಂಸ್ಥೆಯಿಂದ ಎರಡು ಕಾಗದ ಬಂದವು. ಮೊದಲನೆಯದರಲ್ಲಿ ಸರೋವರದ ಶಾಲೆಯನ್ನು ಕೈಬಿಡುವ ಪಟ್ಟಿಯಿಂದ ತೆಗೆದಿದ್ದರು. ಊರಲ್ಲೇ ಉಳಿದವರು ಎಂಬ ಹೊಸ ಕಾಲಂ ಒಂದನ್ನು ಸೇರಿಸಿ ಎಲ್ಲ ಶಾಲೆಗಳನ್ನೂ ಮತ್ತೆ ನೋಡುವುದಾಗಿ ಹೇಳಿದ್ದರು. ಎರಡನೆಯದರಲ್ಲಿ ಐದು ಜನರ ಒಪ್ಪಂದ ಮುಂದುವರಿದಿತ್ತು. ಆರನೆಯವನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡು, ತಿಂಗಳ ಕೊನೆಯವರೆಗೆ ಬರಬಹುದು ಎಂದಿದ್ದರು. ಸೌಜನ್ಯ ಕಾಗದ ಓದಿ ತನ್ನ ಡಬ್ಬಿಯ ಹುರುಳಿ ಪಲ್ಯವನ್ನೆಲ್ಲ ಅವನ ಡಬ್ಬಿಯ ಮುಚ್ಚಳಕ್ಕೆ ಸುರಿದಳು. ಮನೆಯಲ್ಲಿ ನೂರುನ್ನೀಸಾ, ಆಫ್ರಿಕಾದ ಕೆಲಸ ಮುಗೀತಂತೆ ಎಂದು ಬೀದಿಗೆ ತಿಳಿಸಿದರು. ಪಕ್ಕದ ಮನೆಯವರು ಹಾಗಾದರೆ ರಿಪೋರ್ಟು ಯಾರಿಗೆ ತೋರಿಸುವುದು ಎಂದು ನಿಜವಾಗಿ ಚಿಂತೆ ಮಾಡಿದರು. ತಬ್ರೇಜ್ ಕಾರ್ಡಿನಲ್ಲಿ ಲೇಟ್ ತೆಗೆಸಿ, ತೀರಿಕೊಂಡವರಿಗೆ ಉರ್ದುವಿನಲ್ಲಿ ಹೇಳುವ ಮರ್ಹೂಮ್ ಎಂಬ ಪದವನ್ನು ಕನ್ನಡ ಅಕ್ಷರದಲ್ಲೇ ಹಾಕಿಸಿದ. ಜಂಗಮಕೋಟೆಯವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಪ್ರೆಸ್ಸಿನವನು ಅನುಮಾನಪಟ್ಟ. ಹುಸೇನ್ ಸಾಬ್ ಗೊತ್ತಿದ್ದವರಿಗೆ ಗೊತ್ತಾಗುತ್ತದೆ ಎಂದ ತಬ್ರೇಜ್.

ಸೋಮವಾರ ಒಂದೂವರೆಗೆ ಎಲ್ಲರೂ ಡಬ್ಬಿ ಬಿಚ್ಚಿದರು. ಮೆಸೇಜು ಹೋಗಲಿಲ್ಲ. ಒಂದೂ ಮುಕ್ಕಾಲಿಗೆ ಆ ನಂಬರಿನಿಂದ ಒಂದು ಬಂತು. ಅಕ್ಷರವಿರಲಿಲ್ಲ, ದನಿ ಮಾತ್ರ. ತಬ್ರೇಜ್ ಕೈ ತೊಳೆದು ಬಂದು ಹೆಡ್‌ಫೋನು ಹಾಕಿಕೊಂಡ. ಗಾಳಿ, ದೂರದಲ್ಲಿ ನೀರು, ಹತ್ತಿರದಲ್ಲಿ ಒಬ್ಬ ಮುದುಕಿ. ಅವನಿಗೆ ಗೊತ್ತಿಲ್ಲದ ಭಾಷೆ. ಬೈಗುಳವೋ ಪ್ರಾರ್ಥನೆಯೋ ತಿಳಿಯುವಂತಿರಲಿಲ್ಲ. ಸಿಟ್ಟಿರಲಿಲ್ಲ ಎಂದು ಮಾತ್ರ ಅವನ ಕಿವಿ ಹೇಳಿತು. ಗೊತ್ತಿಲ್ಲದ ಭಾಷೆ ಬಂದರೆ ‘ಅರ್ಥವಾಗಲಿಲ್ಲ’ ಎಂದು ಬರೆದು ಮುಂದೆ ಹೋಗಬೇಕು, ಅದು ನಿಯಮ. ಅವನು ಮತ್ತೆ ಮೊದಲಿನಿಂದ ಕೇಳಿದ. ಆ ಮಾತಿನ ನಡುವೆ ಒಂದು ಪದ ಎರಡು ಸಲ ಬರುತ್ತಿತ್ತು, ಎರಡನೆಯ ಸಲ ಸ್ವಲ್ಪ ಎಳೆದು, ಒಳಮನೆಯಲ್ಲಿರುವವರನ್ನು ಊಟಕ್ಕೆ ಕರೆಯುವ ಹಾಗೆ.

ತಿಯಾಮಿಕೆ ಎಂದು ಅವನು ಟೈಪ್ ಮಾಡಿದ. ಯಾವ ಕಾಲಂ ಎಂದು ಕಂಪ್ಯೂಟರು ಕೇಳಿತು. ತಬ್ರೇಜ್ ಯಾವುದನ್ನೂ ಆರಿಸದೆ ಕೀಬೋರ್ಡಿನಿಂದ ಕೈ ಎತ್ತಿಕೊಂಡು, ಅದರ ಮುಂದೆ ಹಾಗೇ ಕೂತ.